ಮುಳುಗಿದ ಊರಿನ ಕತೆ ಹೇಳುವವರು ಯಾರು? (ಒರಿಜಿತ್ ಸೇನ್ ಅವರ ಚಿತ್ರಕಾದಂಬರಿ: ಒಂದು ಅಭ್ಯಾಸ)

ಕಳೆದ ತಿಂಗಳ ಕೂಟದಲ್ಲಿ ನಾ. ಡಿಸೋಜ ಅವರ 'ದ್ವೀಪ' ಕಾದಂಬರಿಯ ಮೇಲೆ ಚರ್ಚೆ ನಡೆಯಿತಷ್ಟೆ. ಆಗ ಎರಡನೆಯ ಬಿ.ಎ.ಯ ವಿದ್ಯಾರ್ಥಿಯೊಬ್ಬ ಎದ್ದು ನಿಂತು, "ಮುಳುಗಡೆ ಆದವರ ನೋವನ್ನ ಮುಳುಗಡೆ ಆಗದೆ ಇರೋರು ಬರೀಬಹುದಾ ಸಾರ್?" ಎಂದು ಕೇಳಿದ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಆದರೆ ಅದು ನಗುವ ಪ್ರಶ್ನೆಯಲ್ಲ. ನಮ್ಮ ನವ್ಯರು 'ಅನುಭವದ ಪ್ರಾಮಾಣಿಕತೆ' ಎಂದು ಚರ್ಚಿಸಿದ್ದೂ, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ಮೇಲೆ 'ಯಾರ ಪರವಾಗಿ ಯಾರು ಬರೆಯಬೇಕು' ಎಂದು ಜಗಳವಾಡಿದ್ದೂ ಇದೇ ಪ್ರಶ್ನೆಯ ಸುತ್ತ. ಆ ದಿನ ನಾನು ಏನೋ ಹಾರಿಕೆಯ ಉತ್ತರ ಕೊಟ್ಟು ಕೂತುಬಿಟ್ಟೆ. ಮನೆಗೆ ಹೋದ ಮೇಲೆ ಸಮಾಧಾನವಾಗಲಿಲ್ಲ. ಈ ಲೇಖನ ಆ ಹುಡುಗನಿಗೆ ನಾನು ತೀರಿಸಬೇಕಾದ ಸಾಲ.

ಉತ್ತರಕ್ಕೆ ನಾನು ಹಿಡಿದಿರುವ ದಾರಿ ಸ್ವಲ್ಪ ಸುತ್ತಿನದು. ಕನ್ನಡದ ಕಾದಂಬರಿಯನ್ನು ಬಿಟ್ಟು, ಗುಜರಾತಿನಲ್ಲಿ ಓದಿದ ಒಬ್ಬ ಚಿತ್ರಗಾರರ ಒಂದು ಪುಸ್ತಕದ ಬಗ್ಗೆ ಹೇಳುತ್ತೇನೆ. ತಾಳ್ಮೆಯಿಂದ ಓದಬೇಕು.

1. ಪುಸ್ತಕ ಸಿಕ್ಕ ಬಗೆ

ಈ ಕಾಲೇಜಿಗೆ ಬರುವ ಮೊದಲು ನಾನು ಎರಡು ವರ್ಷ ಕೆಲಸದ ಮೇಲೆ ಅಹಮದಾಬಾದಿನಲ್ಲಿದ್ದೆ. ಸಾಬರಮತಿ ನದಿಯ ಪಶ್ಚಿಮಕ್ಕೆ ಪಾಲ್ಡಿ ಎಂಬ ಬಡಾವಣೆ. ಅಲ್ಲಿಯೇ ನದಿಗೆ ಹತ್ತಿಕೊಂಡಂತೆ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಇದೆ. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಕೊಟ್ಟ ವರದಿಯ ಆಧಾರದ ಮೇಲೆ 1961ರಲ್ಲಿ ಸ್ಥಾಪನೆಯಾದದ್ದು. ಕುರ್ಚಿ, ಬಟ್ಟೆ, ಅಕ್ಷರ, ಚಲನಚಿತ್ರ, ಹೀಗೆ ಮನುಷ್ಯ ಕೈಯಿಂದ ಮಾಡುವ ಎಲ್ಲಕ್ಕೂ ಒಂದು ರೂಪ ಕೊಡುವ ವಿದ್ಯೆಯನ್ನು ಅಲ್ಲಿ ಕಲಿಸುತ್ತಾರೆ. ಅಲ್ಲಿ ಓದುತ್ತಿದ್ದ ಧಾರವಾಡದ ಹುಡುಗನೊಬ್ಬ ನನಗೆ ಪರಿಚಯವಾದ. ಭಾನುವಾರ ಇಬ್ಬರೂ ಉಡುಪಿ ಹೋಟೆಲಿನಲ್ಲಿ ಕೂತು ಕನ್ನಡ ಮಾತಾಡಿ ಬಾಯಿ ತಣಿಸಿಕೊಳ್ಳುತ್ತಿದ್ದೆವು.

ನಾನು ಸಾಗರ ತಾಲ್ಲೂಕಿನವನು. ನಮ್ಮ ಅಜ್ಜನ ಮನೆ, ಗದ್ದೆ, ದೇವರ ಬನ ಎಲ್ಲವೂ ಶರಾವತಿಯ ಹಿನ್ನೀರಿನ ತಳದಲ್ಲಿವೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಈ ವಿಷಯ ಒಂದು ಭಾನುವಾರ ಮಾತಿನಲ್ಲಿ ಬಂತು. ಮುಂದಿನ ವಾರ ಆ ಹುಡುಗ ತೆಳ್ಳನೆಯ ಒಂದು ಪುಸ್ತಕ ತಂದು ಮೇಜಿನ ಮೇಲಿಟ್ಟ. "ನಮ್ಮ ಹಳೇ ಸೀನಿಯರ್ ಒಬ್ರು ಮಾಡಿದ್ದು. ನಿಮಗೇ ಬರೆದಂಗದ ನೋಡ್ರಿ" ಅಂದ. ಅದೇ ಒರಿಜಿತ್ ಸೇನ್ ಅವರ 'ರಿವರ್ ಆಫ್ ಸ್ಟೋರೀಸ್'. ಕನ್ನಡದಲ್ಲಿ ಬೇಕಾದರೆ 'ಕತೆಗಳ ಹೊಳೆ' ಎನ್ನಬಹುದು. 1994ರಲ್ಲಿ ಮೊದಲು ಬಂದು, ನಂತರ ಎಲ್ಲೂ ಸಿಗದಂತಾಗಿ, 2022ರಲ್ಲಿ ಚೆನ್ನೈನ ಬ್ಲಾಫ್ಟ್ ಪ್ರಕಾಶನದಿಂದ ಮರುಮುದ್ರಣಗೊಂಡದ್ದು. ಭಾರತದ ಮೊದಲ ಚಿತ್ರಕಾದಂಬರಿ ಎಂದು ಸಾಮಾನ್ಯವಾಗಿ ಇದನ್ನೇ ಹೆಸರಿಸುತ್ತಾರೆ.

ಚಿತ್ರಕಾದಂಬರಿ ಅಂದ್ರೆ ಏನು? ಪುಟವನ್ನು ಚೌಕಗಳಾಗಿ ಹಂಚಿ, ಚಿತ್ರ ಬರೆದು, ಮಾತನ್ನು ಗುಳ್ಳೆಯೊಳಗೆ ಕೂರಿಸುವುದು. ಚಂದಮಾಮ, ಅಮರ ಚಿತ್ರಕಥೆ ಓದಿ ಬೆಳೆದ ನಮಗೆ ಇದೇನೂ ಹೊಸದಲ್ಲ. ಆದರೆ ರಾಜ, ರಾಕ್ಷಸ, ನೀತಿಕತೆಗಳನ್ನು ಬಿಟ್ಟು, ಕಾದಂಬರಿ ಹೊರುವಂಥ ವಸ್ತುವನ್ನು ಈ ಚೌಕಗಳ ಮೇಲೆ ಹೊರಿಸಿದರೆ ಅದು ಚಿತ್ರಕಾದಂಬರಿ.

2. ಚಿತ್ರಗಾರರ ಬದುಕು

ಒರಿಜಿತ್ ಸೇನ್ ಹುಟ್ಟಿದ್ದು 1963ರಲ್ಲಿ, ಕಲ್ಕತ್ತೆಯಲ್ಲಿ. ಓದಿದ್ದು ಮೇಲೆ ಹೇಳಿದ ಅಹಮದಾಬಾದಿನ ಸಂಸ್ಥೆಯಲ್ಲಿ, ಗ್ರಾಫಿಕ್ ಡಿಸೈನ್. ಆ ಕಾಲದಲ್ಲಿ ಕಾಮಿಕ್ಸ್ ಬರೆದು ಬದುಕುತ್ತೇನೆ ಎಂದು ಹೊರಡುವ ಯುವಕನ ಮುಂದೆ ದಾರಿಗಳು ಕಡಿಮೆ. ನಮ್ಮ ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಅಮರ ಚಿತ್ರಕಥೆ ಮಾಲೆಯನ್ನು ಕಟ್ಟಿ, ದೇಶದ ಮಕ್ಕಳೆಲ್ಲ ಓದುವಂತೆ ಮಾಡಿದ್ದರು ನಿಜ. ಆದರೆ ಅಲ್ಲಿ ವಸ್ತು ಪುರಾಣ, ಇತಿಹಾಸ, ಮಹಾಪುರುಷರು. ಇವತ್ತು ಬೆಳಿಗ್ಗೆಯ ಪೇಪರಿನಲ್ಲಿ ಬಂದ ಜಗಳಕ್ಕೆ ಅಲ್ಲಿ ಜಾಗವಿರಲಿಲ್ಲ.

ಸೇನ್ ದೆಹಲಿಗೆ ಹೋದರು. 1990ರಲ್ಲಿ ಗುರ್‌ಪ್ರೀತ್ ಸಿಧು ಅವರ ಜೊತೆಗೂಡಿ 'ಪೀಪಲ್ ಟ್ರೀ' ಎಂಬ ಅಂಗಡಿ ತೆರೆದರು. ಕೈಯಲ್ಲಿ ಅಚ್ಚು ಹಾಕಿದ ಬಟ್ಟೆ, ಟೀ ಶರ್ಟು, ಪುಸ್ತಕ. ಹೊಟ್ಟೆಗೆ ಆ ಅಂಗಡಿ. ಕಾಮಿಕ್ಸ್ ಅದರ ಪಕ್ಕದಲ್ಲಿ ನಡೆದ ವ್ರತ. ಅದೇ ವರ್ಷಗಳಲ್ಲಿ ನರ್ಮದಾ ಕಣಿವೆಯಲ್ಲಿ ಸರ್ದಾರ್ ಸರೋವರ ಅಣೆಕಟ್ಟಿನ ವಿರುದ್ಧ ಚಳುವಳಿ ಎದ್ದಿತ್ತು. ಸೇನ್ ಕಣಿವೆಗೆ ಹೋಗಿ, ಜನರನ್ನು ಕಂಡು, ಚಿತ್ರಗಳನ್ನು ಬರೆದುಕೊಂಡು ಬಂದರು. 'ಕಲ್ಪವೃಕ್ಷ' ಎಂಬ ಪರಿಸರ ಸಂಘಟನೆ ಪುಸ್ತಕವನ್ನು ಪ್ರಕಟಿಸಿತು. ಅದಕ್ಕೆ ಹಣ ಬಂದದ್ದು ಕೇಂದ್ರ ಸರಕಾರದ ಪರಿಸರ ಖಾತೆಯ ಅನುದಾನದಿಂದ! ಸರಕಾರದ ಯೋಜನೆಯನ್ನು ಪ್ರಶ್ನಿಸುವ ಪುಸ್ತಕಕ್ಕೆ ಸರಕಾರದ್ದೇ ದುಡ್ಡು.

ಮುಂದೆ ಅವರು ಬೇರೆ ಬೇರೆ ಕೆಲಸ ಮಾಡಿದರು. ಪಂಜಾಬಿನ ಆನಂದಪುರ ಸಾಹಿಬ್‌ನಲ್ಲಿ 2011ರಲ್ಲಿ ತೆರೆದ ವಿರಾಸತ್-ಎ-ಖಾಲ್ಸಾ ಸಂಗ್ರಹಾಲಯಕ್ಕೆ ಪಂಜಾಬಿನ ಬದುಕನ್ನೆಲ್ಲ ತುಂಬಿಕೊಂಡ ಬೃಹತ್ ಭಿತ್ತಿಚಿತ್ರ ರಚಿಸಿದರು. ಸಾರನಾಥ್ ಬ್ಯಾನರ್ಜಿ, ವಿಶ್ವಜ್ಯೋತಿ ಘೋಷ್, ಪರಿಸ್ಮಿತಾ ಸಿಂಗ್, ಅಮಿತಾಭ್ ಕುಮಾರ್ ಅವರೊಡನೆ 'ಪಾವ್' ಎಂಬ ಕೂಟ ಕಟ್ಟಿ, 2012ರಲ್ಲಿ ಒಂದು ಕಾಮಿಕ್ಸ್ ಸಂಕಲನ ತಂದರು. ಗೋವಾದ ಮಾಪುಸಾ ಸಂತೆಯನ್ನು ವಿದ್ಯಾರ್ಥಿಗಳ ಜೊತೆ ಸೇರಿ ಚಿತ್ರಗಳಲ್ಲಿ ದಾಖಲಿಸಿದರು. ಆದರೂ ಅವರ ಹೆಸರು ಹೇಳಿದರೆ ಜನಕ್ಕೆ ಮೊದಲು ನೆನಪಾಗುವುದು ಆ ತೆಳ್ಳನೆಯ ಕಪ್ಪು-ಬಿಳುಪು ಪುಸ್ತಕ.

3. ಜಪಾನಿನ ಒಂದು ಹೋಲಿಕೆ

ಇಲ್ಲಿ ಒಂದು ಹೋಲಿಕೆ ಅಗತ್ಯ. ಜಪಾನಿನಲ್ಲಿ ಕಾಮಿಕ್ಸಿಗೆ 'ಮಂಗಾ' ಎನ್ನುತ್ತಾರೆ. ಅಲ್ಲಿ ಅದು ದೊಡ್ಡ ಉದ್ಯಮ. ವಾರಪತ್ರಿಕೆಗಳು ಧಾರಾವಾಹಿಯಾಗಿ ಅಚ್ಚು ಹಾಕುತ್ತವೆ, ಚಿತ್ರಗಾರ ಅದರಲ್ಲೇ ಬದುಕಬಹುದು. ಕೇಜಿ ನಕಜಾವಾ ಎಂಬ ಮಂಗಾ ಚಿತ್ರಗಾರ 1939ರಲ್ಲಿ ಹಿರೋಶಿಮಾದಲ್ಲಿ ಹುಟ್ಟಿದವರು. 1945ರ ಆಗಸ್ಟ್ 6ರಂದು ಬಾಂಬು ಬಿದ್ದಾಗ ಅವರಿಗೆ ಆರು ವರ್ಷ. ಶಾಲೆಯ ಗೋಡೆಯೊಂದು ಅಡ್ಡ ಇದ್ದುದರಿಂದ ಉಳಿದರು. ತಂದೆ, ಅಕ್ಕ, ತಮ್ಮ ಮನೆಯಡಿ ಸಿಕ್ಕಿ ಸುಟ್ಟುಹೋದರು. ದೊಡ್ಡವರಾದ ಮೇಲೆ ಟೋಕಿಯೋಗೆ ಹೋಗಿ, ಬಾಂಬಿನ ಸುದ್ದಿ ಎತ್ತದೆ ಬೇರೇನೇನೋ ಬರೆಯುತ್ತಿದ್ದರು. 1966ರಲ್ಲಿ ತಾಯಿ ತೀರಿಕೊಂಡಾಗ, ಸುಟ್ಟ ಬೂದಿಯಲ್ಲಿ ಆಯಲು ಎಲುಬೂ ಸಿಗಲಿಲ್ಲ. ಅಲ್ಲಿಂದ ಅವರು ಬಾಂಬಿನ ಬಗ್ಗೆ ಬರೆಯಲು ಕೂತರು. 1973ರಲ್ಲಿ ಶುರುವಾದ 'ಬರಿಗಾಲ ಗೆನ್' ಜಗತ್ತಿನ ಅನೇಕ ಭಾಷೆಗಳಿಗೆ ಹೋಯಿತು. 2012ರಲ್ಲಿ ಅವರು ತೀರಿಕೊಂಡರು.

ನಕಜಾವಾ ಅವರಿಗೆ ನಮ್ಮ ಹುಡುಗನ ಪ್ರಶ್ನೆಯನ್ನು ಯಾರೂ ಕೇಳುವಂತಿಲ್ಲ. ಬೆಂಕಿಯೊಳಗಿಂದ ಎದ್ದು ಬಂದವರು ಅವರು. ಇನ್ನೊಬ್ಬ ಹಿರಿಯ ಮಂಗಾ ಚಿತ್ರಗಾರ ಒಸಾಮು ತೆಜುಕಾ 1972ರಿಂದ 1983ರವರೆಗೆ ಬುದ್ಧನ ಕತೆಯನ್ನು ಬರೆದರು. ಅವರನ್ನೂ ಯಾರೂ "ನೀವು ಕಪಿಲವಸ್ತುವಿನವರಾ?" ಅಂತ ಕೇಳಲಿಲ್ಲ, ಎರಡೂವರೆ ಸಾವಿರ ವರ್ಷದ ಹಿಂದಿನ ಕತೆ, ಕೇಳುವವರು ಯಾರು? ಸೇನ್ ಇವರಿಬ್ಬರ ನಡುವೆ ಸಿಕ್ಕಿಕೊಂಡವರು. ಅವರ ವಸ್ತು ಕಣ್ಣೆದುರಿಗಿನದು, ಆದರೆ ನೋವು ಅವರದಲ್ಲ. ಕಲ್ಕತ್ತೆಯಲ್ಲಿ ಹುಟ್ಟಿ, ದೆಹಲಿಯಲ್ಲಿ ನೆಲೆಸಿದ, ಇಂಗ್ಲಿಷಿನಲ್ಲಿ ಬರೆಯುವ ಮನುಷ್ಯ ಆದಿವಾಸಿಯ ಮನೆ ಮುಳುಗುವುದನ್ನು ಹೇಗೆ ಬರೆಯಬೇಕು?

4. ಪುಸ್ತಕದ ಕಟ್ಟು

ಅವರು ಕಂಡುಕೊಂಡ ಉತ್ತರ ಪುಸ್ತಕದ ತಂತ್ರದಲ್ಲಿದೆ. ಇಲ್ಲಿ ಎರಡು ಕತೆಗಳು ಹೆಣೆದುಕೊಂಡು ಹರಿಯುತ್ತವೆ.

ಒಂದು, ಇಂದಿನ ಕತೆ. ವಿಷ್ಣು ಎಂಬ ತರುಣ ಪತ್ರಕರ್ತ. ರೇಲ್ಕು ಎಂಬ ಆದಿವಾಸಿ ಹೆಂಗಸು ಊರು ಬಿಟ್ಟು ಬಂದು ನಗರದಲ್ಲಿ ಮನೆಗೆಲಸ ಮಾಡುತ್ತಿದ್ದಾಳೆ. ಅವಳ ಊರಿನ ಕತೆ ಅವಳ ಬಾಯಿಂದಲೇ ಬರುತ್ತದೆ. ಕಾಡು ಹೇಗೆ ಸರಕಾರದ್ದಾಯಿತು, ತಮ್ಮದೇ ನೆಲದಲ್ಲಿ ತಾವು ಹೇಗೆ ಕಳ್ಳರಾದೆವು ಎಂಬ ಕತೆ. ಅಣೆಕಟ್ಟಿನ ಸುದ್ದಿ ಬರೆಯಲು ವಿಷ್ಣು ಕಣಿವೆಗೆ ಹೋಗುತ್ತಾನೆ. ಎರಡನೆಯದು, ಹಾಡಿನ ಕತೆ. ಮಾಲ್ಗು ಗಾಯನ್ ಎಂಬ ಹಾಡುಗಾರ ತನ್ನ ವಾದ್ಯ ನುಡಿಸುತ್ತ ಭೂಮಿ ಹುಟ್ಟಿದ್ದನ್ನೂ ಹೊಳೆ ಹರಿದದ್ದನ್ನೂ ಹಾಡುತ್ತಾನೆ. ಪುಸ್ತಕದಲ್ಲಿ ಹೊಳೆಯ ಹೆಸರು ರೇವಾ. ಅದು ನರ್ಮದೆಯ ಇನ್ನೊಂದು ಹೆಸರು.

ನಮ್ಮ ಕಡೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಯಕ್ಷಗಾನದ ಭಾಗವತರನ್ನು ನೆನೆಸಿಕೊಳ್ಳಿ. ವೇಷಗಳು ಬಂದು ಹೋಗುತ್ತವೆ, ಕತೆಯ ಹಗ್ಗ ಅವರ ಕೈಯಲ್ಲಿ. ಮಾಲ್ಗು ಗಾಯನ್ ಈ ಪುಸ್ತಕದ ಭಾಗವತ. ವಿಷ್ಣು ನಡುವೆ ಬಂದು ಹೋಗುವ ಒಂದು ವೇಷ ಮಾತ್ರ.

ಗಮನಿಸಬೇಕಾದ ಜಾಗ ಇದು. ಸೇನ್ ತಾನು ಹೊರಗಿನವನೆಂಬುದನ್ನು ಮುಚ್ಚಿಡಲಿಲ್ಲ. ಹೊರಗಿನವನನ್ನೇ ಒಂದು ಪಾತ್ರ ಮಾಡಿ, ಅವನ ಕೈಗೆ ನೋಟ್‌ಬುಕ್ ಕೊಟ್ಟು, ಕೇಳುವ ಜಾಗದಲ್ಲಿ ಕೂರಿಸಿದರು. ಹೇಳುವ ಜಾಗವನ್ನು ರೇಲ್ಕುವಿಗೂ ಹಾಡುಗಾರನಿಗೂ ಬಿಟ್ಟರು. ಮಾತಿನ ಕಾದಂಬರಿಯಲ್ಲಿ ಲೇಖಕ ಬೇರೆಯವರ ಮನಸ್ಸಿನೊಳಗೆ ಸಲೀಸಾಗಿ ಹೊಕ್ಕುಬಿಡುತ್ತಾನೆ, ಹೊಕ್ಕದ್ದು ನಮಗೆ ಗೊತ್ತೂ ಆಗುವುದಿಲ್ಲ. ಚಿತ್ರದಲ್ಲಿ ಅದು ಕಷ್ಟ. ಕೇಳುವವನು ಎಲ್ಲಿ ಕೂತಿದ್ದಾನೆ, ಹೇಳುವವಳು ಎಲ್ಲಿ ನಿಂತಿದ್ದಾಳೆ ಎಂಬುದನ್ನು ಚಿತ್ರಗಾರ ತೋರಿಸಲೇಬೇಕು.

ಡಿಸೋಜ ಅವರನ್ನು ಈಗ ಪಕ್ಕಕ್ಕಿಟ್ಟು ನೋಡಿ. ಅವರು ಸಾಗರದವರು, 1937ರಲ್ಲಿ ಹುಟ್ಟಿ 2025ರ ಜನವರಿಯಲ್ಲಿ ತೀರಿಕೊಂಡರು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯಲ್ಲೇ ಕೆಲಸ ಮಾಡಿದವರು. ಅಂದರೆ ಅಣೆಕಟ್ಟು ಕಟ್ಟುವ ಕಡೆಯ ಆಫೀಸಿನಲ್ಲಿ ಕೂತು, ಮುಳುಗುವ ಕಡೆಯ ಜನರನ್ನು ದಿನಾ ಕಂಡವರು. 'ದ್ವೀಪ'ದ ಗಣಪಯ್ಯ, ನಾಗವೇಣಿ ಹುಟ್ಟಿದ್ದು ಆ ಕಾಣುವಿಕೆಯಿಂದ. ಬರೆಯುವ ಹಕ್ಕು ಹುಟ್ಟಿನಿಂದ ಮಾತ್ರ ಬರುವುದಾದರೆ 'ದ್ವೀಪ'ವೂ ಇಲ್ಲ, ಅದರಿಂದ ಗಿರೀಶ ಕಾಸರವಳ್ಳಿ 2002ರಲ್ಲಿ ಮಾಡಿದ ಸಿನಿಮಾವೂ ಇಲ್ಲ. ಆದರೆ ಆ ಹಕ್ಕು ಪುಕ್ಕಟೆಯೂ ಅಲ್ಲ. ಎಷ್ಟು ದಿನ ಕೂತು ಕೇಳಿದೆ, ಎಲ್ಲಿ ಕೂತು ಕೇಳಿದೆ ಎಂಬ ಲೆಕ್ಕ ಕೃತಿಯೊಳಗೇ ಕಾಣಬೇಕು.

5. ಆಚೆಯ ದಡ

ಇಲ್ಲಿಗೆ ನಿಲ್ಲಿಸಿದ್ದರೆ ಲೇಖನ ಸುಲಭವಾಗಿ ಮುಗಿಯುತ್ತಿತ್ತು. ನನಗೆ ತೊಡಕಾದದ್ದು ಮನೆಯೊಡತಿಯಿಂದ.

ನಾನು ಬಾಡಿಗೆಗಿದ್ದ ಮನೆಯ ಮುದುಕಮ್ಮ ಸೌರಾಷ್ಟ್ರದವರು. ಎಲ್ಲರೂ ಅವರನ್ನು 'ಬಾ' ಎನ್ನುತ್ತಿದ್ದರು, ಅಮ್ಮ ಅಂದಂತೆ. ಒಂದು ಸಂಜೆ ಈ ಪುಸ್ತಕ ಓದುತ್ತಿದ್ದಾಗ ಬಂದು, ಏನದು ಅಂದರು. ಹೇಳಿದೆ. ಅವರ ಮುಖ ಬಿಗಿಯಿತು. "ದೀಕರಾ, 1986ರಲ್ಲಿ ನಾನು ರಾಜಕೋಟಿನಲ್ಲಿದ್ದೆ. ರೈಲಿನಲ್ಲಿ ನೀರು ತಂದು ಹಾಕಿದ್ರು ಗೊತ್ತಾ? ಕೊಡ ಹಿಡಿದು ರಾತ್ರಿಯೆಲ್ಲ ನಿಂತಿದೀನಿ. ನೀನು ಬೆಳಿಗ್ಗೆಯಿಂದ ಕುಡಿದದ್ದು ಯಾವ ನೀರು?" ಅಂದರು.

ಅವರ ಮಾತು ನಿಜ. ಸರ್ದಾರ್ ಸರೋವರಕ್ಕೆ ನೆಹರೂ ಅಡಿಗಲ್ಲು ಹಾಕಿದ್ದು 1961ರ ಏಪ್ರಿಲ್ 5ರಂದು. ನ್ಯಾಯಮಂಡಳಿಯ ತೀರ್ಪು ಬಂದದ್ದು 1979ರಲ್ಲಿ. 1985ರಲ್ಲಿ ಸಾಲ ಕೊಟ್ಟ ವಿಶ್ವಬ್ಯಾಂಕು, ಮೋರ್ಸ್ ಸಮಿತಿಯ ವರದಿ ಬಂದ ಮೇಲೆ 1993ರಲ್ಲಿ ಹಿಂದೆ ಸರಿಯಿತು. ಸುಪ್ರೀಂ ಕೋರ್ಟು 2000ದ ಅಕ್ಟೋಬರ್ 18ರಂದು ಕೆಲಸ ಮುಂದುವರಿಸಲು ಒಪ್ಪಿತು. 138.68 ಮೀಟರು ಎತ್ತರದ ಅಣೆಕಟ್ಟು 2017ರ ಸೆಪ್ಟೆಂಬರ್ 17ರಂದು ಲೋಕಾರ್ಪಣೆಯಾಯಿತು. ಅದರ ಕಾಲುವೆಯ ನೀರು ಕಚ್ಛ್, ಸೌರಾಷ್ಟ್ರಗಳಿಗೆ ಹೋಗುತ್ತದೆ. ಅಹಮದಾಬಾದಿನ ಸಾಬರಮತಿಯಲ್ಲಿ ಸಂಜೆ ಜನ ನೋಡಿ ಖುಷಿಪಡುವ ತುಂಬು ನೀರೂ ಬಹುಪಾಲು ನರ್ಮದೆಯದೇ. ಆ ಚಿತ್ರಗಾರರು ಓದಿದ ಸಂಸ್ಥೆಯ ಗೋಡೆಯ ಪಕ್ಕದಲ್ಲೇ ಇಂದು ಅವರ ಪುಸ್ತಕದ ಹೊಳೆ ನಿಂತಿದೆ. ಅದನ್ನು ಕುಡಿಯುತ್ತ, ಮುಳುಗಡೆಯ ಮೊಮ್ಮಗನಾದ ನಾನು ಪುಸ್ತಕ ಓದುತ್ತಿದ್ದೆ.

ಬಾ ಅವರ ಮಾತಿನಿಂದ ಕೂತಲ್ಲಿ ಕೂರಲಾರದೆ ಎರಡು ಕಡೆ ಹೋಗಿಬಂದೆ. ವಡೋದರಾದಿಂದ ಡಭೋಯಿ ಕಡೆ ಬಸ್ಸು ಹತ್ತಿದರೆ, ಮುಳುಗಡೆಯಿಂದ ಎದ್ದು ಬಂದವರ ಊರುಗಳಿವೆ. 'ನರ್ಮದಾ ವಸಾಹತ್' ಎನ್ನುತ್ತಾರೆ. ಜಮೀನು ಕಳೆದುಕೊಂಡ ಕುಟುಂಬಕ್ಕೆ ಕನಿಷ್ಠ 2 ಹೆಕ್ಟೇರು ಜಮೀನು ಎಂದು ನ್ಯಾಯಮಂಡಳಿ ಹೇಳಿತ್ತು. ನಮ್ಮ ಶರಾವತಿಯವರಿಗೆ ಅಂಥ ಮಾತು ಹೇಳುವವರೂ ಇರಲಿಲ್ಲ. ಹಕ್ಕುಪತ್ರಕ್ಕಾಗಿ ಅವರ ಮಕ್ಕಳು ಮೊಮ್ಮಕ್ಕಳು ಅಲೆದಿದ್ದಾರೆ. ಒಬ್ಬ ಮುದುಕ ಚಾ ಕೊಟ್ಟು ಕೂರಿಸಿದ. ಜಮೀನು ಸಿಕ್ಕಿದೆ, ಹತ್ತಿ ಬೆಳೀತೀನಿ ಅಂದ. ಆಮೇಲೆ ಕೈಬೆರಳು ಮಡಿಸುತ್ತ ಲೆಕ್ಕ ಹಾಕಿದ: ಅಲ್ಲಿ ಮೀನಿಗೆ ದುಡ್ಡಿಲ್ಲ, ಸೌದೆಗೆ ದುಡ್ಡಿಲ್ಲ, ಹಿಪ್ಪೆ ಹೂವಿಗೆ ದುಡ್ಡಿಲ್ಲ; ಇಲ್ಲಿ ಎಲ್ಲದಕ್ಕೂ ದುಡ್ಡು. ಅದೇ ಸೀಮೆಯ ಪೂರ್ವಕ್ಕೆ ಛೋಟಾ ಉದಯಪುರದ ರಾಠ್ವಾ ಜನ ಮನೆಯ ಗೋಡೆಯ ಮೇಲೆ 'ಪಿಠೋರಾ' ಚಿತ್ರ ಹಾಕುತ್ತಾರೆ. ಅದನ್ನು ಚಿತ್ರ 'ಬಿಡಿಸುವುದು' ಅನ್ನುವುದಿಲ್ಲ, 'ಬರೆಯುವುದು' ಅನ್ನುತ್ತಾರೆ. ಬಡವೋ ಎಂಬ ಪೂಜಾರಿ ಅದನ್ನು ಓದಿ ಹೇಳುತ್ತಾನೆ. ಚಿತ್ರಕಾದಂಬರಿ ಎಂದು ನಾವು ಹೊಸದಾಗಿ ಹೆಸರಿಟ್ಟದ್ದು ಅಲ್ಲಿ ಗೋಡೆಯ ಮೇಲೆ ಎಂದಿನಿಂದಲೋ ಇದೆ.

ಇನ್ನೊಂದು ಸಲ ಸೂರತ್ತಿಗೆ ಹೋದೆ. ಅಲ್ಲಿಯ ತಾಪಿ ನದಿಗೆ ಮೇಲೆ ಉಕಾಯಿ ಎಂಬಲ್ಲಿ 1972ರಲ್ಲಿ ಅಣೆಕಟ್ಟು ಮುಗಿಯಿತು. ಹಿನ್ನೀರಿನಲ್ಲಿ ಆದಿವಾಸಿಗಳ ಊರುಗಳು ಹೋದವು. 2006ರ ಆಗಸ್ಟಿನಲ್ಲಿ ಅದೇ ಅಣೆಕಟ್ಟಿನಿಂದ ಬಿಟ್ಟ ನೀರು ಸೂರತ್ ನಗರವನ್ನೇ ಮುಳುಗಿಸಿತು. ನೀರಿನ ಲೆಕ್ಕದಲ್ಲಿ ಈಚೆ ದಡ, ಆಚೆ ದಡ ಎಂದು ಗೆರೆ ಎಳೆದು ಕೂರುವುದು ಕಷ್ಟ ಎಂದು ಅಲ್ಲಿ ನನಗೆ ಅನ್ನಿಸಿತು.

ಹಾಗಾದರೆ ಪುಸ್ತಕದ ಕೊರತೆ? ಸೇನ್ ಅವರ ಒಲವು ಯಾವ ಕಡೆ ಎಂಬುದು ಮೊದಲ ಪುಟಗಳಲ್ಲೇ ತಿಳಿಯುತ್ತದೆ. ಅವರು ಅದನ್ನು ಮುಚ್ಚಿಡುವುದಿಲ್ಲ. ಆದರೆ ರಾತ್ರಿಯೆಲ್ಲ ಕೊಡ ಹಿಡಿದು ನಿಂತ ಬಾ ಅವರಿಗೆ ರೇಲ್ಕುವಿನಷ್ಟು ಜಾಗ ಪುಸ್ತಕದಲ್ಲಿ ಇಲ್ಲ. 1994ರಲ್ಲಿ ಆ ಜಾಗ ಕೊಡಬೇಕಿತ್ತು ಎಂದು ನಾನು ಹಟ ಹಿಡಿಯಲಾರೆ. ಆಗ ಅಧಿಕಾರ, ದುಡ್ಡು, ಕೋರ್ಟು, ಪೇಪರು ಎಲ್ಲ ಕಡೆ ಬಾಯಾರಿದವರ ಹೆಸರು ಕೇಳಿಬರುತ್ತಿತ್ತು; ಮುಳುಗುವವರ ಹೆಸರು ಹೇಳುವವರು ಕಡಿಮೆ. ಆದರೂ ಇಂದು ಓದುವ ನಾವು ಆ ಖಾಲಿ ಚೌಕವನ್ನು ನೋಡಬೇಕು.

6. ಅಜ್ಜಿಯ ಓದು

ರಜೆಗೆ ಊರಿಗೆ ಬಂದಾಗ ಪುಸ್ತಕ ತಂದಿದ್ದೆ. ಅಜ್ಜಿಗೆ ಇಂಗ್ಲಿಷು ಬಾರದು, ಕನ್ನಡವನ್ನೂ ಕೂಡಿಸಿ ಕೂಡಿಸಿ ಓದುತ್ತಾಳೆ. ಜಗಲಿಯ ಮೇಲೆ ಕೂತು ಒಂದೊಂದೇ ಪುಟ ತಿರುವಿದಳು. ಹಾಡುಗಾರನ ಚಿತ್ರ ಬಂದಾಗ, "ಇವ ಜೋಗೇರವನಾ?" ಅಂತ ಕೇಳಿದಳು. ಗುಡ್ಡ, ಗುಡಿಸಲು, ಹೊಳೆ ಇರುವ ಪುಟಗಳಲ್ಲಿ ಬೆರಳಿಟ್ಟು ಸುಮ್ಮನೆ ಕೂತಳು. ಆಮೇಲೆ ನಾನು ಕೇಳದೇ ಹೇಳಿದಳು: "ನೀರು ಬರ್ತದೆ ಅಂತ ಗೊತ್ತಿತ್ತು ಮಾರಾಯ. ಇವತ್ತೇ ಬರ್ತದೆ ಅಂತ ಗೊತ್ತಿರ್ಲಿಲ್ಲ. ಬೆಳಿಗ್ಗೆ ಎದ್ದರೆ ಕೊಟ್ಟಿಗೆಯೊಳಗೆ ಇತ್ತು. ಒರಳು ಬಿಟ್ಟು ಬಂದ್ವಿ. ಅದನ್ನ ಯಾರು ಎತ್ತತಾರೆ?"

ಇಷ್ಟು ವರ್ಷ ಅಜ್ಜಿಯ ಜೊತೆಗಿದ್ದೂ ಆ ಒರಳಿನ ಸುದ್ದಿ ನಾನು ಕೇಳಿರಲಿಲ್ಲ. ಕೇಳಿರಲಿಲ್ಲ ಅಂದರೆ, ನಾನು ಪ್ರಶ್ನೆಯನ್ನೇ ಹಾಕಿರಲಿಲ್ಲ. ಮುಳುಗಡೆಯ ಮನೆಯಲ್ಲಿ ಹುಟ್ಟಿದ ನಾನು ಕೇಳದ್ದನ್ನು, ಕಲ್ಕತ್ತೆಯ ಚಿತ್ರಗಾರರೊಬ್ಬರ ಪುಸ್ತಕ ಹೊರಗೆ ತೆಗೆಯಿತು.

ಬಾ ಅವರ ವಿಷಯವನ್ನೂ ಅಜ್ಜಿಗೆ ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು, "ಪಾಪ, ಅವಳಿಗೂ ನೀರು ಬೇಕಲ್ಲ" ಅಂದಳು. ಮತ್ತೆ, "ನಮ್ಮನ್ನ ಒಂದು ಮಾತು ಕೇಳಬೇಕಿತ್ತು" ಅಂದಳು.

ಆ ದಿನ ಪ್ರಶ್ನೆ ಕೇಳಿದ ಗೆಳೆಯನಿಗೆ ಈಗ ಉತ್ತರ ಹೇಳುತ್ತೇನೆ. ಬರೀಬಹುದು. ಮುಳುಗಡೆ ಆಗದವರೂ ಬರೀಬಹುದು. ಆದರೆ ಮೊದಲು ಹೋಗಿ ಕೇಳಬೇಕು, ಕೇಳಿದ್ದು ಎಲ್ಲಿ ಕೂತು ಎಂಬುದನ್ನು ಬರಹದಲ್ಲಿ ಕಾಣಿಸಬೇಕು. ಮುಳುಗಡೆಯ ಮನೆಯಲ್ಲೇ ಹುಟ್ಟಿದವನಿಗೂ ಈ ನಿಯಮದಿಂದ ವಿನಾಯಿತಿ ಇಲ್ಲ.

ಅಭ್ಯಾಸಕ್ಕೆ:

(ಅ) 'ದ್ವೀಪ'ವನ್ನು ಮತ್ತೊಮ್ಮೆ ಓದಿ. ಕತೆ ಹೇಳುವವನು ಎಲ್ಲಿ ನಿಂತು ನೋಡುತ್ತಿದ್ದಾನೆ ಎಂಬುದನ್ನು ಗುರುತಿಸಿ. ಅದನ್ನು ಚಿತ್ರಕಾದಂಬರಿ ಮಾಡುವುದಾದರೆ ಮೊದಲ ಚೌಕದಲ್ಲಿ ಯಾರನ್ನು ಕೂರಿಸುತ್ತೀರಿ?

(ಆ) ನಿಮ್ಮ ಮನೆಗೆ ನೀರು, ಕರೆಂಟು ಎಲ್ಲಿಂದ ಬರುತ್ತದೆ? ಅದಕ್ಕಾಗಿ ಊರು ಬಿಟ್ಟವರು ಯಾರಾದರೂ ಇದ್ದರೆ, ಒಬ್ಬರನ್ನಾದರೂ ಕಂಡು ಮಾತಾಡಿಸಿ ಎರಡು ಪುಟ ಬರೆಯಿರಿ. ಚಿತ್ರ ಬರುವವರು ಚಿತ್ರ ಬರೆಯಬಹುದು.

(ಇ) ಮುಂದಿನ ಕೂಟಕ್ಕೆ ಬರುವ ಮೊದಲು ಮನೆಯಲ್ಲಿರುವ ಅಜ್ಜ ಅಥವಾ ಅಜ್ಜಿಯನ್ನು, ಇದುವರೆಗೆ ನೀವು ಕೇಳದ ಒಂದು ಪ್ರಶ್ನೆ ಕೇಳಿ ಬನ್ನಿ.